ವಾಪಸ್ ಹೋದ ಉಡಿಯಕ್ಕಿ

ಹೋದ ವಾರ ನಮ್ಮ ಮನೆಯೆದುರಿನ ಖಾಲಿ ಸೈಟಿನಲ್ಲಿ ಪಾಯ ತೋಡಲು ಜೆಸಿಬಿ ಬಂದಿತ್ತು. ಹಸಿಮಣ್ಣಿನ ವಾಸನೆ ಅಡುಗೆಮನೆಯವರೆಗೂ ನುಗ್ಗಿದಾಗ ಒಲೆ ಆರಿಸಿ ಹೊರಗೆ ಬಂದೆ. ಡ್ರೈವರು ಮೆಷಿನ್ ನಿಲ್ಲಿಸಿ, ಮಣ್ಣಿನ ಗುಡ್ಡೆಯಿಂದ ಏನನ್ನೋ ಹೆಕ್ಕಿ ಪ್ಯಾಂಟಿಗೆ ಒರೆಸಿ ನೋಡುತ್ತಿದ್ದ. ನನ್ನನ್ನು ಕಂಡವನೇ ಕೈ ಚಾಚಿ, "ಅಕ್ಕಾರೆ, ಇದೇನ್ರೀ ಇದು? ಮೊಟ್ಟೆ ಹಂಗೈತೆ, ಬಕೆಟ್ ಬಡಿದ್ರೂ ಒಡೆದಿಲ್ಲ" ಎಂದ.

ಮೈತುಂಬ ಸಣ್ಣ ಗುಳಿಗಳಿರುವ ಚೆಂಡು. ಬಿಳಿ ಬಣ್ಣ ಹೋಗಿ ಹಳದಿಗಟ್ಟಿತ್ತು, ಗುಳಿಗಳಲ್ಲೆಲ್ಲ ಮಣ್ಣು ಕೂತಿತ್ತು. ಗಾಲ್ಫ್ ಚೆಂಡು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊನ್ನಾಳಿಯಲ್ಲಿ ಆ ಆಟ ಆಡಿದವರು ನನಗೆ ತಿಳಿದಂತೆ ಒಬ್ಬರೇ... ನಮ್ಮ ಮಿಲ್ಟ್ರಿ ಮಾವ.

ಸಂಬಂಧದಲ್ಲಿ ಮಾವನೇನೂ ಅಲ್ಲ. ಬೀದಿಯ ಕೊನೆಯ ಮನೆಗೆ ಬಾಡಿಗೆಗೆ ಬಂದಿದ್ದ ಒಂಟಿ ಮನುಷ್ಯ. ಸೈನ್ಯದಲ್ಲಿ ಬಹಳ ವರ್ಷ ಸಾಹೇಬರುಗಳ ಗಾಲ್ಫ್ ಮೈದಾನ ನೋಡಿಕೊಂಡಿದ್ದರಂತೆ. ನಿವೃತ್ತಿಯ ದಿನ ಒಬ್ಬ ಅಧಿಕಾರಿ ತಮ್ಮ ಹಳೆಯ ಕೋಲನ್ನೂ ಒಂದು ಚೀಲ ಚೆಂಡುಗಳನ್ನೂ ಕೊಟ್ಟು ಕಳಿಸಿದ್ದರು. ಆಗ ನಮ್ಮೆದುರಿನ ಲೇಔಟಿನಲ್ಲಿ ಗಡಿಕಲ್ಲು ನೆಟ್ಟಿದ್ದರೇ ಹೊರತು ಒಂದು ಮನೆಯೂ ಎದ್ದಿರಲಿಲ್ಲ. ಸಂಜೆಯಾದರೆ ಸಾಕು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೀದಿಗೆ ಬೆನ್ನು ಮಾಡಿ ನಿಂತು, ಹೊಳೆಯ ದಿಕ್ಕಿಗೆ ಚೆಂಡು ಹೊಡೆಯುತ್ತಿದ್ದರು. ಆಮೇಲೆ ತಾವೇ ಮುಳ್ಳುಗಿಡದಲ್ಲಿ ಬಗ್ಗಿ ಹುಡುಕುತ್ತಿದ್ದರು. ಹೊಡೆಯುವುದಕ್ಕಿಂತ ಹುಡುಕುವುದೇ ಹೆಚ್ಚು. "ಇದೆಂಥ ಆಟ ಅಣ್ಣಾರೆ, ತಾವೇ ಬಿಸಾಕಿ ತಾವೇ ಹುಡುಕೋದು" ಎಂದು ಅಮ್ಮ ರೇಗಿಸಿದರೆ, "ಸರ್ಕಾರದ ಕೆಲಸನೂ ಹಂಗೇ ಅಲ್ಲೇನವ್ವಾ" ಎಂದು ನಗುತ್ತಿದ್ದರು.

ನನಗೆ ಬಿಳಿಚೋಡಿನ ಸಂಬಂಧ ಕೂಡಿ ಬಂದದ್ದು ಆ ಬೇಸಿಗೆಯಲ್ಲಿ. ಹುಡುಗ ಕುರಿಗಳಿಗೆ ಲಸಿಕೆ ಹಾಕುವ ಇಲಾಖೆಯಲ್ಲಿದ್ದ. ಹೆಣ್ಣು ನೋಡಲು ಬಂದಾಗ ಎಲ್ಲರೂ ಉಪ್ಪಿಟ್ಟಿನ ಮೇಲೆ ಗಮನವಿಟ್ಟಿದ್ದಾಗ ಮೆಲ್ಲಗೆ, "ನೀವು ಹೊಳೆ ಕಂಡೋರು. ನಮ್ಮೂರಾಗೆ ಟ್ಯಾಂಕರ್ ಬಂದ್ರೇ ಹೊಳೆ ಬಂದಂಗೆ. ಇರಾಕೆ ಆಗ್ತದಾ ನಿಮಗೆ?" ಎಂದು ಕೇಳಿದ್ದ. ಡಿಗ್ರಿ, ಸಂಬಳ, ಬಣ್ಣ ಇವನ್ನೆಲ್ಲ ಕೇಳಿದವರು ಬಹಳ ಮಂದಿ ಬಂದುಹೋಗಿದ್ದರು, ಇರಲು ಆಗುತ್ತದಾ ಎಂದು ಕೇಳಿದವನು ಅವನೊಬ್ಬನೇ. ಆಗ್ತದೆ ಎಂದೆ. ಸುಳ್ಳು ಹೇಳುವುದೇಕೆ, ಅವನು ನನಗೆ ಬಹಳ ಇಷ್ಟವಾಗಿದ್ದ.

ಒಪ್ಪಿಗೆಯಾಯಿತು. ಹೂ ಮುಡಿಸಿ ಉಡಿ ತುಂಬಿ ಮಾತು ಗಟ್ಟಿ ಮಾಡಲು ಒಂದು ಭಾನುವಾರ ಕಾರಿನಲ್ಲಿ ಬಂದರು. ರಾಹುಕಾಲ ಮುಗಿದಿರಲಿಲ್ಲ. ಹಾಗಾಗಿ ಮನುಷ್ಯರು ಒಳಗೆ ಬಂದು ನೀರು ಕುಡಿದರು, ಉಡಿಯ ಬುಟ್ಟಿ ಮಾತ್ರ ಕಾರಿನ ಹಿಂದಿನ ಗಾಜಿನ ಕೆಳಗೇ ಉಳಿಯಿತು. ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನಕೊಂಬು, ಮೇಲೊಂದು ಮಲ್ಲಿಗೆ ದಂಡೆ. ಅವರ ಡ್ರೈವರು ನೆರಳು ಹುಡುಕಿಕೊಂಡು ಕಾರನ್ನು ಲೇಔಟಿನ ಬೇವಿನ ಮರದ ಕೆಳಗೆ ನಿಲ್ಲಿಸಿದ್ದ. ಮಾವ ಅದನ್ನು ನೋಡಿಯೇ ಅತ್ತ ಬೆನ್ನು ಮಾಡಿ ನಿಂತು ಹೊಳೆಯ ಕಡೆಗೇ ಹೊಡೆದರು. ಚೆಂಡು ಗಡಿಕಲ್ಲಿಗೆ ಬಡಿದು ಹಿಂದಕ್ಕೆ ತಿರುಗಿತು.

ಸದ್ದು ಕೇಳಿ ಎಲ್ಲರೂ ಹೊರಗೆ ಓಡಿದೆವು. ಹಿಂದಿನ ಗಾಜು ಪುಡಿಪುಡಿಯಾಗಿ ಬುಟ್ಟಿಯೊಳಗೆ ಸುರಿದಿತ್ತು. ಅಕ್ಕಿಯಲ್ಲಿ ಕಲ್ಲುಸಕ್ಕರೆ ಬೆರೆಸಿದ ಹಾಗೆ ಕಾಣುತ್ತಿತ್ತು. ನನ್ನ ಅಪ್ಪ ಎಂಥ ಮನುಷ್ಯ ನೋಡಿ, ಮರ ತೋರಿಸಿ "ಮಂಗ ಇರ್ಬೇಕ್ರೀ, ಈ ಬೀದಿಯಾಗೆ ಮಂಗನ ಕಾಟ ಜಾಸ್ತಿ" ಎಂದುಬಿಟ್ಟರು. ಅಷ್ಟರಲ್ಲಿ ಕೋಲು ಹಿಡಿದ ಮಂಗವೇ ಎದುರಿಗೆ ಬಂದು ಅಟೆನ್ಷನ್ನಿನಲ್ಲಿ ನಿಂತಿತು.

"ಹೊಡೆದೋನು ನಾನ್ರೀ. ಕಲ್ಲಿಂದಲ್ಲ, ಡ್ರೈವರಿಂದಲ್ಲ, ತಪ್ಪು ನಂದು. ಜವಾಬ್ದಾರಿನೂ ನಂದೇ."

ಬಂದಿದ್ದ ಹಿರಿಯರೊಬ್ಬರು ಅಪಶಕುನವೆಂದು ಗೊಣಗತೊಡಗಿದರು. ಆದರೆ ಹುಡುಗನ ತಾಯಿ ದೊಡ್ಡ ಮನಸ್ಸಿನ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿಯನ್ನು ತಾವೇ ಎತ್ತಿ ನಮ್ಮ ಹೊಸ್ತಿಲು ದಾಟಿಸಿ ಒಳಗಿಟ್ಟರು.

"ಗಾಜು ಹೋದ್ರೆ ಗಾಜು ಬರ್ತದೆ. ಉಡಿ ನಿಮ್ಮ ಮನೆಗೆ ಅಂತ ತಂದದ್ದು, ನಿಮ್ಮ ಮನೆಯಾಗೇ ಇರ್ಲಿ. ಇವತ್ತು ತುಂಬಾದು ಬ್ಯಾಡ, ಹುಣ್ಣಿಮೆ ಕಳೀಲಿ, ಬ್ಯಾರೆ ಅಕ್ಕಿ ತಗಂಡು ಬರ್ತೀನಿ" ಎಂದು ನನ್ನ ಕೆನ್ನೆ ಮುಟ್ಟಿ ಹೋದರು. ಹುಡುಗ ಕಾರು ಹತ್ತುವಾಗ ತಿರುಗಿ ನೋಡಿದ. ಅಂದರೆ ಏನೂ ಮುರಿದಿರಲಿಲ್ಲ. ಗಾಜೊಂದನ್ನು ಬಿಟ್ಟು.

ಮಾವನಿಗೆ ಮಾತ್ರ ಸಮಾಧಾನವಿಲ್ಲ. "ಅಕ್ಕಿ ಕೊಡವ್ವಾ, ಸ್ವಚ್ಛ ಮಾಡ್ತೀನಿ" ಎಂದು ಅಮ್ಮನಿಂದ ಬುಟ್ಟಿ ಇಸಿದುಕೊಂಡರು. ಮಾಡಲಿ ಬಿಡು, ಅವರಿಗೂ ಮನಸ್ಸು ಹಗುರಾಗುತ್ತದೆ ಎಂದು ಅಮ್ಮ ಕೊಟ್ಟಳು. ಮಾರನೆಯ ದಿನ ಬೆಳಿಗ್ಗೆಯಿಂದ ಅವರು ತಮ್ಮ ಅಂಗಳದಲ್ಲಿ ಬಿಳಿ ಪಂಚೆ ಹಾಸಿ, ಅಕ್ಕಿ ಹರಡಿ, ಕುಕ್ಕುರುಗಾಲಲ್ಲಿ ಕೂತಿದ್ದರು. ಬಿಸಿಲಿಗೆ ಗಾಜು ಮಿಂಚುತ್ತದೆ, ಅಕ್ಕಿ ಮಿಂಚುವುದಿಲ್ಲ. ಮಿಂಚಿದ್ದನ್ನೆಲ್ಲ ಒದ್ದೆ ಬೆರಳಿನಿಂದ ಎತ್ತಿ ತಟ್ಟೆಗೆ ಹಾಕುತ್ತಿದ್ದರು. ಬೆರಳ ತುದಿಯಲ್ಲಿ ರಕ್ತ ಬಂದರೆ ಪಂಚೆಗೆ ತಾಗದಂತೆ ಅಂಗಿಗೆ ಒರೆಸಿಕೊಳ್ಳುತ್ತಿದ್ದರು. ನಾನು ನಮ್ಮ ಬಾಗಿಲಿನಿಂದಲೇ ನೋಡಿ ನಗುತ್ತಿದ್ದೆ. ಆ ದಿನ ನನಗೆ ಎಲ್ಲಕ್ಕೂ ನಗು ಬರುತ್ತಿತ್ತು...

ಅದರ ಮರುದಿನ ಅವರ ಮನೆಗೆ ಬೀಗ. ಸಂಜೆ ಬಸ್ಸಿಳಿದು ನೇರವಾಗಿ ನಮ್ಮ ಪಡಸಾಲೆಗೆ ಬಂದರು. ಮುಖ ಅರಳಿತ್ತು, ಅಂಗಿಯೆಲ್ಲ ಧೂಳು.

"ಮುಗೀತು ನೋಡವ್ವಾ. ದಾವಣಗೆರೆಗೆ ಹೋಗಿ ಜಗಳೂರು ಬಸ್ ಹಿಡಿದೆ. ಬಿಳಿಚೋಡಿನಾಗೆ ಇಳಿದು ಮನೆ ಕೇಳ್ಕೊಂಡು ಹೋದೆ. ಆ ತಾಯಿ ಕೈಗೇ ಬುಟ್ಟಿ ಒಪ್ಪಿಸಿ ಬಂದೆ. ಒಂದು ಹರಳು ಇಲ್ಲ ಅಕ್ಕಿಯಾಗೆ. ಅವರ ಸಾಮಾನು ಅವರಿಗೆ ಮುಟ್ಟಿತು."

ಅಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ಅಲ್ಲೇ ಕೂತುಬಿಟ್ಟಳು.

ನಮ್ಮ ಕಡೆ ಹೊಸ್ತಿಲು ದಾಟಿ ಬಂದ ಉಡಿಯನ್ನು ತಂದವರಿಗೆ ತಿರುಗಿಸಿದರೆ ಅದಕ್ಕೊಂದೇ ಅರ್ಥ, ನಿಮ್ಮ ಸಂಬಂಧ ನಮಗೆ ಬೇಡ. ಬಾಯಿಬಿಟ್ಟು ಹೇಳಲು ಮುಜುಗರಪಡುವವರು ಹಾಗೆ ಮಾಡುತ್ತಾರೆ, ಅದಾದ ಮೇಲೆ ಮಾತಿಗೆ ಜಾಗವಿಲ್ಲ. ಇದು ನಮ್ಮ ಬೀದಿಯ ಚಿಕ್ಕ ಮಗುವಿಗೂ ಗೊತ್ತು. ಹದಿಹರೆಯದಲ್ಲೇ ಊರು ಬಿಟ್ಟು, ಹೆಂಗಸರಿಲ್ಲದ ಬ್ಯಾರಕ್ಕುಗಳಲ್ಲಿ ಆಯುಷ್ಯ ಕಳೆದ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು? ಸೈನ್ಯದಲ್ಲಿ ಹಾಳು ಮಾಡಿದ ಸಾಮಾನನ್ನು ಸರಿಪಡಿಸಿ ಸ್ಟೋರಿಗೆ ಜಮಾ ಮಾಡಿದರೆ ಕೆಲಸ ಮುಗಿಯಿತು. ಅವರಿಗೆ ತಿಳಿದಿದ್ದ ಜವಾಬ್ದಾರಿ ಅದೊಂದೇ.

ಅಪ್ಪ ಫೋನು ಮಾಡಿದರು, ಯಾರೂ ಎತ್ತಲಿಲ್ಲ. ಬೆಳಗಾದ ಮೇಲೆ ಬಿಳಿಚೋಡಿಗೇ ಹೋಗಿ ಅವರ ಕಟ್ಟೆಯ ಮೇಲೆ ಕೂತು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು. ಹುಡುಗನ ತಾಯಿ ಎಲ್ಲ ಕೇಳಿಸಿಕೊಂಡರಂತೆ. ನಂಬಿದರಂತೆ ಕೂಡ. "ಆ ಮನುಷ್ಯಂದು ತಪ್ಪಿಲ್ಲ ಬಿಡ್ರಿ. ಆದ್ರೆ ನಾನೇ ನನ್ನ ಕೈಯಾರೆ ಒಳಗಿಟ್ಟ ಉಡಿ ಎಲ್ಲರ ಎದುರಿಗೆ ತಿರುಗಿ ನನ್ನ ಬಾಗಿಲಿಗೆ ಬಂತು. ಮತ್ತೆ ಹೆಂಗೆ ತುಂಬಲಿ?" ಎಂದರಂತೆ. ಹುಡುಗ ಒಳಗೇ ಇದ್ದ, ಹೊರಗೆ ಬರಲಿಲ್ಲ. ಆ ಸಿಟ್ಟು ನನಗೆ ಇಂದಿಗೂ ಆರಿಲ್ಲ. ಟ್ಯಾಂಕರ್ ನೀರಲ್ಲಿ ಇರಲು ನನಗೆ ಆಗುತ್ತದಾ ಎಂದು ಕೇಳಿದವನಿಗೆ ಹೊಸ್ತಿಲಿಗೆ ಬಂದು ಒಂದು ಮಾತಾಡಲು ಆಗಲಿಲ್ಲ.

ಮಾವನಿಗೆ ಹೇಳುವುದು ಬೇಡವೆಂದು ಮನೆಯಲ್ಲಿ ತೀರ್ಮಾನವಾಯಿತು. ಗಾಜು ಒಡೆದದ್ದು ಅಪಶಕುನವಾಯಿತೆಂದು ಬೇಡವೆಂದರಂತೆ, ಅಷ್ಟೇ ಹೇಳಿದೆವು. ಕೈ ತಪ್ಪಿ ಆದದ್ದನ್ನು ಮನುಷ್ಯ ಹೇಗೋ ತಡೆದುಕೊಳ್ಳುತ್ತಾನೆ ಎಂದು ಅಪ್ಪನ ಲೆಕ್ಕ. ಅಂದೇ ಮಾವ ಲೇಔಟಿನಲ್ಲಿ ಒಂದು ಗುಂಡಿ ತೋಡಿ ಚೀಲದ ಸಮೇತ ಚೆಂಡುಗಳನ್ನು ಹೂತರು. ಕೋಲನ್ನು ಮುರಿಯಲು ಹೋದರು, ಮುರಿಯಲಿಲ್ಲ. ಅದನ್ನೂ ಅಲ್ಲೇ ಹಾಕಿ ಮಣ್ಣೆಳೆದರು.

ಆಮೇಲಿನದು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನನ್ನನ್ನು ನೋಡಲು ಯಾವ ಊರಿಂದ ಯಾರೇ ಬರಲಿ, ಚನ್ನಗಿರಿಯವರು, ಸಾಸ್ವೆಹಳ್ಳಿಯವರು, ಮಾವ ಇಸ್ತ್ರಿ ಅಂಗಿ ತೊಟ್ಟು ಅವರ ಕಾರಿನ ಪಕ್ಕ ಕಾವಲು ನಿಲ್ಲುತ್ತಿದ್ದರು. ಬಿಸಿಲಿದ್ದರೆ ಗಾಜಿನ ಮೇಲೆ ಛತ್ರಿ ಹಿಡಿಯುತ್ತಿದ್ದರು. ಬಂದವರು ಸುಮ್ಮನಿರುತ್ತಾರಾ? ಯಾಕ್ರೀ ಇವರು ಹಿಂಗೆ ನಿಂತವ್ರೆ ಎಂದು ಬೀದಿಯಲ್ಲಿ ಯಾರನ್ನೋ ಕೇಳುತ್ತಿದ್ದರು. ಬೀದಿಗೆ ಹೇಳಲು ಅಷ್ಟೇ ಬೇಕಾಗಿತ್ತು. ಗಾಜಿನಿಂದ ಶುರುವಾದ ಕತೆ ಉಡಿಯಕ್ಕಿಗೆ ಬಂದು ನಿಲ್ಲುತ್ತಿತ್ತು. ಉಡಿ ವಾಪಸ್ ಹೋದ ಹುಡುಗಿ ಎಂಬ ಹೆಸರು ನನಗಿಂತ ಮೊದಲೇ ಊರೂರು ತಲುಪುತ್ತಿತ್ತು. ದಯವಿಟ್ಟು ನಿಲ್ಲಬೇಡಿ ಎಂದು ಹೇಳಬೇಕೆಂದು ಪ್ರತಿ ಸಲವೂ ಬಾಯಿವರೆಗೆ ಬರುತ್ತಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳಲಿ?

ಕೊನೆಗೆ ಬರುವವರೇ ನಿಂತುಹೋದರು. ನಾನು ನ್ಯಾಮತಿಯ ಶಾಲೆಗೆ ಟೀಚರಾಗಿ ಬಸ್ಸಿನಲ್ಲಿ ಓಡಾಡತೊಡಗಿದೆ.

ಮಾವನೆದುರು ಮಾತ್ರ ಬೀದಿಯವರೂ ಬಾಯಿಬಿಟ್ಟಿರಲಿಲ್ಲ. ಅವರಿಗೆ ನಿಜ ಗೊತ್ತಾದದ್ದು ಪಕ್ಕದ ಬೀದಿಯ ಹುಡುಗಿಯ ಶಾಸ್ತ್ರದ ದಿನ. ಊಟಕ್ಕೆ ಹೋಗಿದ್ದರು. ಉಡಿ ತುಂಬುವ ಹೊತ್ತಿಗೆ ಯಾರೋ ಅಜ್ಜಿ ಹುಡುಗಿಗೆ, ಇನ್ನು ಇದನ್ನು ತಿರುಗಿ ಕೊಡಬಾರದು ಕಣವ್ವಾ, ಕೊಟ್ಟರೆ ಸಂಬಂಧ ಕಡಿದಂಗೆ ಎಂದು ಬುದ್ಧಿ ಹೇಳಿದಳಂತೆ. ಮಾವ ಎಲೆ ಮುಂದಿನಿಂದ ಎದ್ದು ನಮ್ಮ ಮನೆಗೆ ಬಂದರು. ಕೈ ಕೂಡ ತೊಳೆದಿರಲಿಲ್ಲ. ಮನೆಯಲ್ಲಿ ನಾನೊಬ್ಬಳೇ ಇದ್ದೆ.

"ತಾಯಿ, ಆ ಅಕ್ಕಿ ನಾನು ವಾಪಸ್ ಕೊಡಬಾರದಿತ್ತಾ?"

"ಅಯ್ಯೋ, ಅದೆಲ್ಲ ಹಳೇ ಕಾಲದ ಮಾತು ಬಿಡ್ರಿ ಮಾವ."

"ಅಂದ್ರೆ ಕೊಡಬಾರದಿತ್ತು."

ನಾನು ಏನೇನೋ ಹೇಳಿದೆ. ಬಿಳಿಚೋಡಿನವರಿಗೇ ಮನಸ್ಸಿರಲಿಲ್ಲ, ನೆಪ ಹುಡುಕುತ್ತಿದ್ದರು, ಹುಡುಗ ಸರಿಯಿರಲಿಲ್ಲ... ಒಂದೂ ಅವರ ಕಿವಿಗೆ ಹೋಗಲಿಲ್ಲ. ಅನ್ನ ಮೆತ್ತಿದ ಬೆರಳುಗಳನ್ನೇ ನೋಡುತ್ತ ನಿಂತಿದ್ದರು.

"ಚೆಂಡಿಂದ ಹಾಳಾತು ಅಂದ್ಕೊಂಡಿದ್ದೆ. ಅದು ಕೈ ತಪ್ಪಿದ್ದು. ಇದು ಕೂತು ಹರಳು ಹರಳು ಆರಿಸಿ, ಬಸ್ ಹತ್ತಿ ಹೋಗಿ ಮಾಡಿ ಬಂದೆನಲ್ಲ ತಾಯಿ..."

ಆ ತಿಂಗಳು ಕಳೆಯುವುದರೊಳಗೆ ಮನೆ ಖಾಲಿ ಮಾಡಿದರು. ಹೋಗುವ ದಿನ ಅಮ್ಮ ಊಟಕ್ಕೆ ಕರೆದಳು, ಬರಲಿಲ್ಲ. ಜಗಳೂರಿನ ಕಡೆ ಯಾರೋ ದೂರದ ನೆಂಟರ ಮನೆಯಲ್ಲಿದ್ದರೆಂದೂ, ಹೆಚ್ಚು ದಿನ ಬಾಳಲಿಲ್ಲವೆಂದೂ ಆಮೇಲೆ ಕೇಳಿದೆವು. ಮಣ್ಣಿಗೆ ಹೋಗಲೂ ಆಗಲಿಲ್ಲ, ಸುದ್ದಿ ಬಂದದ್ದೇ ತಡವಾಗಿ. ನನ್ನ ಮದುವೆ ನಿಂತದ್ದು ನನಗೆ ಈಗ ಅಭ್ಯಾಸವಾಗಿದೆ. ಆ ಎಂಜಲು ಕೈ ಮಾತ್ರ ಅಭ್ಯಾಸವಾಗಿಲ್ಲ. ಯಾರ ಮನೆಯನ್ನೂ ಕೆಡಿಸದ ಮನುಷ್ಯ ತಮ್ಮ ಒಳ್ಳೆಯತನವನ್ನೇ ಹಳಿದುಕೊಂಡು ಸತ್ತರು. ಅದನ್ನು ಸರಿಮಾಡುವ ದಾರಿ ಆಗಲೂ ಇರಲಿಲ್ಲ, ಈಗಂತೂ ಇಲ್ಲ.

ಹೋದ ವಾರ ಆ ಜೆಸಿಬಿ ಡ್ರೈವರು ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ. ಚೆಂಡು ತೆಗೆದುಕೊಂಡೆ. ತಣ್ಣಗಿತ್ತು.

"ಗೊತ್ತೇನ್ರೀ ಅಕ್ಕಾರೆ, ಯಾರದಿದು?"

"ಈ ಕೊನೇ ಮನೆಯಾಗೆ ಒಬ್ರಿದ್ರಪ್ಪ. ಅವರದು."

ಅವನು ಮೆಷಿನ್ ಹತ್ತಿ ಕೂತು, ಸ್ಟಾರ್ಟ್ ಮಾಡುತ್ತ, "ಹಂಗಾದ್ರೆ ಅವರಿಗೇ ವಾಪಸ್ ಕೊಟ್ಬಿಡ್ರಿ" ಎಂದು ಕೂಗಿ ಹೇಳಿದ.