ಇಳಿಯುವ ಆತುರ

ಈಗಲೂ ಸಿಟಿ ಬಸ್ಸಿನ ಬಾಗಿಲು ಉಸ್ಸೆಂದು ಮುಚ್ಚಿಕೊಂಡರೆ ನನ್ನ ಕೈ ತಾನಾಗಿ ಕಂಬಿಯನ್ನು ಬಿಗಿ ಹಿಡಿಯುತ್ತದೆ.

ಅವತ್ತು ಮಧ್ಯಾಹ್ನ ಶ್ರೀರಾಂಪುರದಿಂದ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀಟು ಸಿಕ್ಕಿದ್ದ ಅಜ್ಜಿಯೊಬ್ಬರು ನನ್ನ ಬ್ಯಾಗನ್ನು ತಾವೇ ಕೇಳಿ ಪಡೆದು ಮಡಿಲಲ್ಲಿಟ್ಟುಕೊಂಡಿದ್ದರು. ಅಷ್ಟರಲ್ಲಿ ಮುಂದಿನ ಸೀಟಿನ ಹೆಂಗಸು ಕತ್ತು ಮುಟ್ಟಿಕೊಂಡು, ಸರ ಇಲ್ಲವೆಂದು ಅಳತೊಡಗಿದರು. ಇಂಥದ್ದಕ್ಕೆ ನಮ್ಮ ಬಸ್ಸುಗಳಲ್ಲಿ ಒಂದು ರೂಢಿಯಿದೆ. ಬಾಗಿಲು ತೆಗೆಯದೆ, ಎಲ್ಲೂ ನಿಲ್ಲಿಸದೆ ನೇರ ಪೊಲೀಸ್ ಸ್ಟೇಷನ್ನಿಗೆ ಹೋಗುವುದು. ನಾನೂ ಅದೇ ಸರಿ ಅಂದುಕೊಂಡೆ.

ನನ್ನ ಪಕ್ಕ ನಿಂತಿದ್ದವಳು ಮಾತ್ರ ಬಾಗಿಲತ್ತ ನುಗ್ಗಿದಳು. ಯಾರದೋ ಮನೆಯ ಪಾತ್ರೆ ತೊಳೆದು ಬಂದವಳಿರಬೇಕು, ಸೀರೆಯ ಅಂಚು ಒದ್ದೆಯಾಗಿತ್ತು.

"ನಮ್ ಸ್ಟಾಪ್ ಬಂತು, ಇಳಿಸ್ಬುಡಿ ಅಣ್ಣಾ. ಸ್ಕೂಲ್ ಬುಡೋ ಹೊತ್ತು, ಮಗಳು ಗೇಟಲ್ಲಿ ಕಾಯ್ತಿರ್ತಾಳೆ."

"ಕದ್ದವ್ರಿಗೇ ಕಣಮ್ಮ ಇಳಿಯೋ ಆತುರ," ಎಂದರು ಹಿಂದಿನಿಂದ ಒಬ್ಬರು.

ಕೆಲವರು ನಕ್ಕರು. ಆಮೇಲೆ ನಗು ನಿಂತಿತು. ಒಂದು ಕೈ ಅವಳ ಜಡೆಗೆ ಬಿತ್ತು, ಇನ್ನೊಂದು ಸೆರಗಿಗೆ. ಸ್ಟೇಷನ್ನಿಗೇ ಹೋಗುತ್ತಿದ್ದೇವಲ್ಲ, ಮುಟ್ಟಬೇಡಿ ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು.

"ಇವ್ರೂ ಅವ್ಳ್ ಜೊತೇನೇ ಅನ್ಸುತ್ತೆ."

ಅಜ್ಜಿ ನನ್ನ ಬ್ಯಾಗನ್ನು ಮಡಿಲಿನಿಂದ ತೆಗೆದು, ಹುಡುಕಿ ನೋಡುತ್ತೇವೆ ಎಂದವರ ಕೈಗೆ ಕೊಟ್ಟುಬಿಟ್ಟರು.

ಕಾಲೇಜಿನಲ್ಲಿ ನಾನು ಓದಿದ್ದು ಸಮಾಜಶಾಸ್ತ್ರ. ಗುಂಪು ಒಬ್ಬರಿಗೆ ಕಳ್ಳನೆಂಬ ಹಣೆಪಟ್ಟಿ ಹೇಗೆ ಹಚ್ಚುತ್ತದೆ ಎಂದು ಪುಟಗಟ್ಟಲೆ ಬರೆದು ಪಾಸಾಗಿದ್ದೆ. ಇಬ್ಬರನ್ನೂ ಮೂಲೆಗೆ ಒತ್ತಿ ನಿಲ್ಲಿಸಿದಾಗ ಅದರಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ. ಗಾಜಿನಾಚೆ ಬೈಕುಗಳು ಎಂದಿನಂತೆ ಹೋಗುತ್ತಿದ್ದವು. ಅವಳ ಮಗಳ ಶಾಲೆಯೂ ಹಾಗೇ ಹಿಂದೆ ಸರಿಯಿತು. ಅವಳು ಕತ್ತು ತಿರುಗಿಸಿ ನೋಡುತ್ತಲೇ ಇದ್ದಳು.

ಸ್ಟೇಷನ್ನಿನಲ್ಲಿ ಮಹಿಳಾ ಪೇದೆ ನಮ್ಮಿಬ್ಬರನ್ನೂ ತಪಾಸಣೆ ಮಾಡಿದರು. ಸರ ಸಿಗಲಿಲ್ಲ. ನನ್ನ ಓದು, ಕೆಲಸ ಕೇಳಿಕೊಂಡು, ಬ್ಯಾಗ್ ಹಿಂದಿರುಗಿಸಿ, ನೀವು ಹೊರಡಿ ಮೇಡಂ ಎಂದರು. ಅವಳನ್ನು ಬೆಂಚಿನ ಮೇಲೆ ಕೂರಿಸಿದರು.

"ಅಕ್ಕಾ, ಮಗೀನ ಒಸಿ ನೋಡ್ಕಳಿ," ಎಂದು ಮಗಳ ಹೆಸರು ಹೇಳಿದಳು.

ಆಟೊ ಹಿಡಿದು ಶಾಲೆಗೆ ಹೋದೆ. ಗೇಟಿನೊಳಗೆ ಪುಟ್ಟ ಹುಡುಗಿಯೊಬ್ಬಳೇ ಉಳಿದಿದ್ದಳು. ಹೆಸರು ಹಿಡಿದು ಕರೆದೆ. ವಾಚ್‌ಮನ್ ಅಡ್ಡ ಬಂದು, ಮಗುವಿಗೆ ನೀವೇನಾಗಬೇಕು ಎಂದು ಕೇಳಿದರು. ನಾನು ಅವಳಿಗೆ ಏನೂ ಆಗಬೇಕಾಗಿರಲಿಲ್ಲ. ಎದುರಿನ ಟೀ ಅಂಗಡಿಯಿಂದ ಇಬ್ಬರು ಎದ್ದು ಬಂದು ನನ್ನ ಹಿಂದೆ ನಿಂತರು. ಬಸ್ಸಿನಲ್ಲಿ ಕಂಡದ್ದೇ ನೋಟ. ಓಡಬೇಕೆನಿಸಿತು. ಹೆಜ್ಜೆ ಕಿತ್ತರೆ ಮಕ್ಕಳ ಕಳ್ಳಿಯೇ ಆಗಿಬಿಡುತ್ತಿದ್ದೆ. ಗೇಟು ತೆಗೆಯಬೇಡಿ, ಅವಳಮ್ಮ ಬರುವವರೆಗೆ ಇಲ್ಲೇ ಇರುತ್ತೇನೆ ಎಂದೆ. ಅವರೂ ಕದಲಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವಳು ಬಂದಳು. ಜಡೆಯನ್ನು ಗಂಟು ಕಟ್ಟಿಕೊಂಡಿದ್ದಳು. ಮಗಳ ಬ್ಯಾಗನ್ನು ಹೆಗಲಿಗೇರಿಸಿ, ಡಬ್ಬಿ ಖಾಲಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಿದಳು.

"ಫೋಟೊ ತಕ್ಕೊಂಡು ಬುಟ್ರು ಅಕ್ಕಾ. ಇನ್ಮೇಲೆ ಕರ್ದಾಗೆಲ್ಲ ಹೋಗ್ಬೇಕಂತೆ."

ಬಸ್ಸಿಗೆ ಬರುತ್ತೀಯಾ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿ, ಮಗಳ ಕೈ ಹಿಡಿದು ನಡೆದೇ ಹೊರಟಳು.

ನನ್ನ ಸ್ಟಾಪ್ ಬಂದರೆ ಈಗ ನಾನು ಥಟ್ಟನೆ ಏಳುವುದಿಲ್ಲ. ಬೇರೆ ಯಾರಾದರೂ ಮೊದಲು ಬಾಗಿಲತ್ತ ಹೋಗಲಿ ಎಂದು ಕಾಯುತ್ತೇನೆ. ಯಾರೂ ಏಳದ ದಿನ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆಯುತ್ತೇನೆ.