ಗೋಂದಕ್ಕ ಬಿಚ್ಚಿದ ಕಟ್ಟು

ವಿಶ್ವವಿದ್ಯಾಲಯದ ಹಿಂಬಾಗಿಲಿಗೆ ಎದುರಾಗಿ, ಜೆರಾಕ್ಸ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಂತಿದ್ದ ಬೈಂಡಿಂಗ್ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷಗಳಲ್ಲಿ ಆರುನೂರಕ್ಕೂ ಹೆಚ್ಚು ಡಾಕ್ಟರುಗಳು ಹುಟ್ಟಿದ್ದರು. ಬಿಡಿ ಹಾಳೆಗಳಾಗಿ ಒಳಗೆ ಬಂದ ಸಂಶೋಧನೆ ಕಪ್ಪು ಬಟ್ಟೆಯ ರಟ್ಟು ತೊಟ್ಟು, ಬೆನ್ನಿಗೆ ಚಿನ್ನದ ಅಕ್ಷರ ಬರೆಸಿಕೊಂಡು, ಪ್ರಬಂಧವಾಗಿ ಹೊರಗೆ ಹೋಗುತ್ತಿತ್ತು. ಆರು ತಿಂಗಳು ಕಳೆದರೆ ಅದರ ಒಡೆಯರ ಹೆಸರಿಗೆ ‘ಡಾ.’ ಅಂಟಿಕೊಳ್ಳುತ್ತಿತ್ತು. ಹೆರಿಗೆ ಮಾಡಿಸಿದ ಸೂಲಗಿತ್ತಿ ಮಾತ್ರ ಸೂಲಗಿತ್ತಿಯಾಗಿಯೇ ಉಳಿದಿದ್ದಳು. ಅವಳನ್ನು ಎಲ್ಲರೂ ಗೋಂದಕ್ಕ ಎನ್ನುತ್ತಿದ್ದರು.

ಅಂಗಡಿಯಲ್ಲಿ ಇದ್ದವರು ಮೂವರು. ದಾರದ ಕೆಲಸ ಅತ್ತೆಯದು. ಎಪ್ಪತ್ತೊಂದರಲ್ಲೂ ಬರಿಗಣ್ಣಿನಲ್ಲಿ ಸೂಜಿ ಪೋಣಿಸಿ ಪಕ್ಕದ ಕನ್ನಡಕದ ಅಂಗಡಿಯವನ ಹೊಟ್ಟೆ ಉರಿಸುತ್ತಿದ್ದರು. ಕಟಿಂಗ್ ಮೆಷಿನ್ ಗಂಡನದು. ಅವನು ಮಾತನ್ನೂ ಹಾಳೆಯಂತೆ ಮೂರು ಕಡೆ ಕತ್ತರಿಸಿಯೇ ಕೊಡುತ್ತಿದ್ದ. ಅಂಟು ಗೋಂದಕ್ಕನ ಇಲಾಖೆ. ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತಿರುವಿ, ಹುಳ ಬೀಳದಿರಲೆಂದು ಒಂದು ಚಿಟಿಕೆ ಮೈಲುತುತ್ತ ಬೆರೆಸುವುದು ಮಾವನ ಕಾಲದ ಪದ್ಧತಿ. ಚಿಟಿಕೆ ಎಂದರೆ ಎಷ್ಟು ಎಂದು ಹೊಸ ಸೊಸೆ ಕೇಳಿದ್ದಕ್ಕೆ ಮಾವ, ಚಿಟಿಕೆ ಅಂದರೆ ಚಿಟಿಕೆ, ಎಂದು ಚಿಟಿಕೆ ಹೊಡೆದು ಮಾತು ಮುಗಿಸಿದ್ದರು.

ಮದುವೆಗೆ ಮುಂಚೆ ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿದ್ದ ಹೆಣ್ಣಿಗೆ ಆ ಉತ್ತರ ಗಂಟಲಲ್ಲಿ ಇಳಿಯಲಿಲ್ಲ. ಮೈಲುತುತ್ತ ಕಡಿಮೆಯಾದರೆ ಹುಳ ರಟ್ಟನ್ನು ಮೇಯುತ್ತಿತ್ತು. ಹೆಚ್ಚಾದರೆ ಹಾಳೆಯೇ ತುತ್ತಕ್ಕೆ ತುತ್ತಾಗಿ ಕಂದಿ ಮುರಿಯುತ್ತಿತ್ತು. ಹುಳಕ್ಕೆ ಸಾಕು, ಹಾಳೆಗೆ ಬೇಡ ಎನ್ನುವ ಅಳತೆ ಯಾವುದು? ಅವಳು ಚಿನಿವಾರರ ತಕ್ಕಡಿಯೊಂದನ್ನು ಸಂಪಾದಿಸಿ ಪ್ರತಿ ಸಲವೂ ತೂಗಿ ಹಾಕತೊಡಗಿದಳು. ಕಟ್ಟಿದ ಪ್ರತಿ ಪ್ರಬಂಧದ ಹಿಂದಿನ ರಟ್ಟಿನ ಒಳಮೂಲೆಯಲ್ಲಿ ಪೆನ್ಸಿಲಿನಿಂದ ಇರುವೆಯಷ್ಟು ಸಣ್ಣ ಸಂಖ್ಯೆ ಬರೆದಳು. ಯಾವ ಸಂಖ್ಯೆಗೆ ಯಾವ ಅಳತೆ ಎಂಬುದು ಅವಳ ನೋಟ್‌ಬುಕ್ಕಿನಲ್ಲಿ. ಪ್ರಬಂಧಗಳೆಲ್ಲ ಹೋಗಿ ಕೂರುತ್ತಿದ್ದದ್ದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಹೀಗೆ ತನ್ನದೇ ಕಪಾಟುಗಳಲ್ಲಿ ಹತ್ತೊಂಬತ್ತು ವರ್ಷಗಳಿಂದ ಒಂದು ಪ್ರಯೋಗ ನಡೆಯುತ್ತಿದೆ ಎಂಬುದು ವಿಶ್ವವಿದ್ಯಾಲಯಕ್ಕೇ ಗೊತ್ತಿರಲಿಲ್ಲ. ನಡುವೆ ಅಂಚೆ ಶಿಕ್ಷಣದಲ್ಲಿ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿಯನ್ನೂ ಮಾಡಿಕೊಂಡಳು. ಅಂಟಿಸಿಕೊಳ್ಳುವುದು ಅವಳಿಗೆ ಹುಟ್ಟುಗುಣ.

ಪ್ರಕಟಣೆ ಸಿಕ್ಕಿದ್ದು ರದ್ದಿ ಕಾಗದದಲ್ಲಿ. ಗ್ರಂಥ ಸಂರಕ್ಷಣಾ ವಿಭಾಗದಲ್ಲಿ ಪಿಎಚ್‌ಡಿ ಮಾಡಲು ಒಂದೇ ಒಂದು ಫೆಲೋಶಿಪ್. ಮೂರು ವರ್ಷ ತಿಂಗಳು ತಿಂಗಳು ಸಂಬಳದಂತೆ ಹಣ, ಪ್ರಯೋಗಾಲಯದ ಬಳಕೆ ಉಚಿತ. ವಯಸ್ಸು ನಲವತ್ತೈದು ದಾಟಿರಬಾರದು. ಗೋಂದಕ್ಕನಿಗೆ ಅದನ್ನು ದಾಟಲು ನಾಲ್ಕು ತಿಂಗಳು ಬಾಕಿ. ಅಂದರೆ ಈ ಸಲ ತಪ್ಪಿದರೆ ಮುಂದಿನ ಸಲ ಎಂಬುದೇ ಇಲ್ಲ. ಕೈಯಿಂದ ಖರ್ಚು ಮಾಡಿ ಓದೋಣವೆಂದರೆ ಅಂಟಿನ ಪಾತ್ರೆ ಬಿಟ್ಟು ಹೋಗುವಂತಿಲ್ಲ. ಫೆಲೋಶಿಪ್ ಬಂದರೆ ಮಾತ್ರ ಅಂಟು ತಿರುವಲು ಇನ್ನೊಬ್ಬರನ್ನು ಇಟ್ಟುಕೊಳ್ಳಬಹುದು. ಕಾಗದವನ್ನು ಗಂಡನಿಗೆ ತೋರಿಸಿದಳು. ಅವನು ಎರಡು ಸಲ ಓದಿ, “ಹಾಕು” ಎಂದ. ಅವನ ಲೆಕ್ಕದಲ್ಲಿ ಅದು ಭಾಷಣ.

ಆರು ವಾರ ಕೂತು ಅರುವತ್ತು ಹಾಳೆಯ ಪ್ರಸ್ತಾವ ಬರೆದಳು. ಅರ್ಜಿಯ ಒಂಬತ್ತನೇ ನಿಯಮ ಸ್ಪಷ್ಟವಾಗಿತ್ತು: ಎಲ್ಲವೂ ಬಿಡಿ ಹಾಳೆಗಳಲ್ಲಿರತಕ್ಕದ್ದು, ಎಡಮೂಲೆಗೆ ಗುಂಡುಪಿನ್ನು ಚುಚ್ಚತಕ್ಕದ್ದು. ಕೊನೆಯ ದಿನಕ್ಕೆ ಎರಡು ದಿನ ಇದೆ ಎನ್ನುವಾಗ ಹಾಳೆಗಳನ್ನು ಅಂಗಡಿಯ ಮೇಜಿನ ಮೇಲಿಟ್ಟು, ಅರ್ಜಿಗೆ ಬೇಕಾದ ತನ್ನ ಫೋಟೋ ತೆಗೆಸಿಕೊಳ್ಳಲು ಹೋದಳು. ತಪ್ಪಾದದ್ದು ಅಲ್ಲೇ. ಆ ಮೇಜಿನ ಮೇಲೆ ಇಟ್ಟದ್ದು ಕಟ್ಟಿಸಿಕೊಳ್ಳದೆ ಎದ್ದ ಇತಿಹಾಸವಿಲ್ಲ. ಒಮ್ಮೆ ಕರೆಂಟು ಬಿಲ್ಲಿಗೂ ರಟ್ಟು ಬಿದ್ದಿತ್ತು. ತಿರುಗಿ ಬರುವಷ್ಟರಲ್ಲಿ ಅತ್ತೆ ಹೊಲಿದಾಗಿತ್ತು, ಗಂಡ ಅಂಚು ಸವರಿ ರಟ್ಟು ಹಾಕಿದ್ದ, ಬೆನ್ನಿನ ಮೇಲೆ ಚಿನ್ನದ ಅಕ್ಷರ ಹೊಳೆಯುತ್ತಿತ್ತು.

“ಊರವರದ್ದಕ್ಕೆಲ್ಲ ಪಟ್ಟೆ ಉಡಿಸಿ ಕಳಿಸಿದೀವಿ,” ಎಂದರು ಅತ್ತೆ. “ನಿಂದು ಮಾತ್ರ ಅಂಗಿ ಇಲ್ದೆ ಹೋಗ್ಬೇಕೇನೆ?”

ಗೋಂದಕ್ಕ ಬಿಚ್ಚೋಣವೆಂದು ಬ್ಲೇಡು ಕೈಗೆ ತೆಗೆದುಕೊಂಡಳು. ಅತ್ತೆ ತಾವು ಹಾಕಿದ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದದ್ದು ಕಂಡು ಅದನ್ನು ಪರ್ಸಿಗೆ ಸೇರಿಸಿದಳು. ಯಾವ ಅಂಟು ಹಾಕಿದಿರಿ ಎಂದಷ್ಟೇ ಕೇಳಿದಳು. ನಿನ್ನ ಪಾತ್ರೆಯಲ್ಲಿ ಇದ್ದದ್ದೇ, ಎಂದರು ಅತ್ತೆ. ಅದು ಅವಳ ಇತ್ತೀಚಿನ, ಅತ್ಯುತ್ತಮ ಅಳತೆ. ಒಳಮೂಲೆಯಲ್ಲಿ ೬೧೩ ಎಂದು ಬರೆದು, ಆದದ್ದಾಗಲಿ ಎಂದು ಹೊರಟಳು.

ಕಚೇರಿಯ ಕೌಂಟರಿನ ಗುಮಾಸ್ತರು ಅವಳ ಕೈಯಿಂದ ಪ್ರಬಂಧ ಇಸಿದುಕೊಂಡು ಕೈ ಪಳಗಿದವರು. ಕೊನೆಯ ಗಳಿಗೆಯಲ್ಲಿ ಓಡಾಡಿ ಸುಸ್ತಾದ ಸಂಶೋಧಕರು ‘ಅಕ್ಕಾ, ನೀವೇ ಕೊಟ್ಟುಬಿಡಿ’ ಎನ್ನುವುದು, ಅವಳು ಕೊಟ್ಟುಬರುವುದು ವಾಡಿಕೆ. ಅಂದು ಗುಮಾಸ್ತರು ಅಳಿಯನ ಸ್ಕೂಟರಿನ ರಿಪೇರಿಯ ಬಗ್ಗೆ ಫೋನಿನಲ್ಲಿದ್ದರು. ಕಪ್ಪು ರಟ್ಟು ಕಂಡಿತು, ತಾರೀಖಿನ ಸೀಲು ಬಿತ್ತು, ರಸೀದಿ ಹರಿಯಿತು. ಗೋಂದಕ್ಕ ರಸೀದಿ ಮಡಚಿ ಪರ್ಸಿನಲ್ಲಿಟ್ಟುಕೊಂಡು, ನೋಡಿದರೆ ಎಲ್ಲಿ ಗುಮಾಸ್ತರಿಗೆ ಒಂಬತ್ತನೇ ನಿಯಮ ನೆನಪಾಗುತ್ತದೋ ಎಂದು ಹಿಂದೆ ನೋಡದೆ ಬಂದಳು.

ಮೂರು ವಾರದ ಮೇಲೆ ಸಂದರ್ಶನದ ಬೆಳಿಗ್ಗೆ ವಿಭಾಗದ ಗೋಡೆಯ ಮೇಲೆ ಪಟ್ಟಿ ಇತ್ತು. ಅವಳ ಕಣ್ಣಿಗೆ ಮೊದಲು ಬಿದ್ದದ್ದು ನೀರುನೀರಾದ ಅಂಟು. ನಾಲ್ಕು ಮೂಲೆಯೂ ಆಗಲೇ ಕಿವಿ ನಿಮಿರಿಸಿದ್ದವು. ಎಂಟು ಹೆಸರು. ಮೇಲಿಂದ ಕೆಳಕ್ಕೆ ಓದಿದಳು, ಕೆಳಗಿಂದ ಮೇಲಕ್ಕೆ ಓದಿದಳು. ಅವಳ ಹೆಸರಿಲ್ಲ. ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬೆಂಚಿನ ಮೇಲೆ ಕೂತಿದ್ದವರಲ್ಲಿ ಒಬ್ಬಳು ಅವಳ ಗುರುತು ಹಿಡಿದು, ತನಗೆ ಸೀಟು ಸಿಕ್ಕರೆ ಮೂರು ವರ್ಷದ ಮೇಲೆ ನೀವೇ ಬೈಂಡ್ ಮಾಡಿಕೊಡಬೇಕು ಅಕ್ಕಾ ಎಂದು ಪ್ರೀತಿಯಿಂದಲೇ ಹೇಳಿದಳು. ಪ್ರೀತಿಯಿಂದ ಹಾಕಿದ ಉಪ್ಪೂ ಗಾಯಕ್ಕೆ ಉರಿಯೇ.

ಕೌಂಟರಿನಲ್ಲಿ ಗುಮಾಸ್ತರು ಕಡತ ಎರಡು ಸಲ ತಿರುವಿ, ಅರ್ಜಿ ಬಂದೇ ಇಲ್ಲವಲ್ಲ ಎಂದರು. ಅವಳು ರಸೀದಿ ಮುಂದಿಟ್ಟಳು. ಅದರಲ್ಲಿ ‘ಪ್ರಬಂಧ: ಒಂದು’ ಎಂದಿತ್ತು. ಅವರು ರಸೀದಿ ನೋಡಿದರು, ಅವಳನ್ನು ನೋಡಿದರು.

“ಅದು ನಿಮ್ದಾ, ಗೋಂದಕ್ಕ? ಬೇರೆ ಯಾರದ್ದೋ ತಂದಿದೀರಿ ಅಂದ್ಕೊಂಡೆ.”

“ಇಷ್ಟು ವರ್ಷ ಬೇರೆಯವರದ್ದೇ ತಾನೆ ತಂದಿದ್ದು. ನಿಮ್ಮ ತಪ್ಪಲ್ಲ ಬಿಡಿ,” ಎಂದಳು.

ಗುಮಾಸ್ತರನ್ನು ಮೆಚ್ಚಬೇಕಾದ್ದು ಇಲ್ಲಿ. ಅರ್ಧ ಕುಡಿದ ಚಹಾ ಬಿಟ್ಟು, ಊಟದ ಹೊತ್ತಿಗೆ ಮುಂಚೆಯೇ ಕೌಂಟರಿಗೆ ಬಾಗಿಲೆಳೆದು, ಹೊಟ್ಟೆಯನ್ನು ಮುಂದೆ ಬಿಟ್ಟುಕೊಂಡು ಗ್ರಂಥಾಲಯಕ್ಕೆ ಓಡಿದರು. ಪ್ರಬಂಧಗಳ ತಳ್ಳುಗಾಡಿ ಹೋಗಿ ಸೇರುವುದು ಅಲ್ಲಿಗೇ. ಗೋಂದಕ್ಕ ಹಿಂದೆ ಓಡಿದಳು.

ಗ್ರಂಥಪಾಲಕಿಯ ಮೇಜಿನ ಮೇಲೆ ಆ ಕಪ್ಪು ರಟ್ಟು ಮೊದಲೇ ತೆರೆದಿತ್ತು. ಮಾರ್ಗದರ್ಶಕರ ಸಹಿಯಿಲ್ಲದ, ತೀರ್ಮಾನವಿಲ್ಲದ ಈ ವಿಚಿತ್ರ ಪ್ರಬಂಧ ಇಲ್ಲಿಗೆ ಹೇಗೆ ಬಂತೆಂದು ಕೇಳಿ ಕಚೇರಿಗೆ ಎರಡು ಚೀಟಿ ಕಳಿಸಿದ್ದರಂತೆ. ಆ ಚೀಟಿಗಳು ತನ್ನ ಡ್ರಾಯರಿನಲ್ಲೇ ಇವೆ ಎಂಬುದು ಗುಮಾಸ್ತರಿಗೆ ಆಗ ನೆನಪಾಗಿ, ಅವರು ಚಾವಣಿಯ ಫ್ಯಾನನ್ನು ಆಸಕ್ತಿಯಿಂದ ನೋಡತೊಡಗಿದರು.

“ಈ ಇರುವೆ ಸಾಲು ನಿಮ್ದೇನಾ?” ಎಂದು ಗ್ರಂಥಪಾಲಕಿ ಒಳಮೂಲೆಯ ೬೧೩ರ ಮೇಲೆ ಬೆರಳಿಟ್ಟರು. “ಹದಿಮೂರು ವರ್ಷದಿಂದ ನನ್ನ ಪುಸ್ತಕದಲ್ಲೆಲ್ಲ ಯಾರು ಬರೀತಿದಾರೆ ಅಂತ ಹುಡುಕ್ತಿದೀನಿ. ಸಿಕ್ಕಿದ್ರೆ ಬೈಬೇಕು ಅಂತಿದ್ದೆ.”

“ಈಗ ಬೈತೀರಾ ಮೇಡಂ?”

“ಆಮೇಲೆ. ಈಗ ಸಂದರ್ಶನಕ್ಕೆ ನಡೀರಿ.”

೬೧೩ರ ಜೊತೆಗೆ ಕಪಾಟಿನಿಂದ ಕೈಗೆ ಸಿಕ್ಕಿದ ಮೂವತ್ತು ಪ್ರಬಂಧಗಳನ್ನು ತಳ್ಳುಗಾಡಿಗೆ ಪೇರಿಸಿಕೊಂಡು ಅವರೇ ತಳ್ಳುತ್ತ ಹೊರಟರು. ವಿಭಾಗ ಮುಟ್ಟುವಾಗ ಎಂಟನೆಯ ಅಭ್ಯರ್ಥಿ ಸಂದರ್ಶನ ಮುಗಿಸಿ ಆಗಷ್ಟೇ ಹೊರಗೆ ಬಂದಿದ್ದ.

ಒಳಗೆ ಮೂವರಿದ್ದರು: ವಿಭಾಗದ ಮುಖ್ಯಸ್ಥರು, ಹೊರಗಿನಿಂದ ಬಂದ ಹಿರಿಯ ಪ್ರೊಫೆಸರಮ್ಮ, ನಿಯಮಾವಳಿಯ ಪುಸ್ತಕವನ್ನು ಎದೆಗವಚಿಕೊಂಡ ಕಿರಿಯ ಪ್ರೊಫೆಸರು. ಗುಮಾಸ್ತರು ತಪ್ಪೊಪ್ಪಿಕೊಂಡರು. ಸೀಲಿನ ತಾರೀಖು ಸರಿಯಾಗಿತ್ತು. ಆದರೆ ಕಿರಿಯ ಪ್ರೊಫೆಸರು ಒಂಬತ್ತನೇ ನಿಯಮಕ್ಕೆ ಬಂದು ನಿಂತರು.

“ಕಟ್ಟಿದ ಅರ್ಜಿ ಪರಿಗಣಿಸೋ ಹಾಗಿಲ್ಲಮ್ಮ. ಈಗ ಕಿತ್ತರೆ ಹಾಳೆ ಹರಿಯುತ್ತೆ. ಹರಿದ ಅರ್ಜೀನೂ ಪರಿಗಣಿಸೋ ಹಾಗಿಲ್ಲ.”

ಕೆಲಸ ಕಂಡ ಕೂಡಲೇ ಗೋಂದಕ್ಕ ಸೆರಗು ಸಿಕ್ಕಿಸಿಕೊಂಡಳು.

“ಒಂದು ಒದ್ದೆ ಬಟ್ಟೆ, ಕಾಲು ಗಂಟೆ ಟೈಮು ಕೊಡಿ ಸರ್.”

ಹಿಂಡಿದ ಟವೆಲ್ಲನ್ನು ಪ್ರಬಂಧದ ಬೆನ್ನಿಗೆ, ಜ್ವರದವರ ಹಣೆಗೆ ಹಾಕುವಂತೆ ಹಾಕಿ ಕೂತಳು. ಸುಮ್ಮನೆ ಕೂರುವುದೇಕೆಂದು ಪ್ರೊಫೆಸರಮ್ಮ ಪ್ರಶ್ನೆ ಕೇಳತೊಡಗಿದರು. ಫ್ಯಾಕ್ಟರಿಯ ಗೋಂದು ಬಿಟ್ಟು ಮೈದಾ ಅಂಟೇ ಏಕೆ? ಫ್ಯಾಕ್ಟರಿಯದ್ದು ಹಿಡಿದದ್ದನ್ನು ಬಿಡುವುದಿಲ್ಲ, ಮುಂದೆ ರಿಪೇರಿಗೆಂದು ಬಿಚ್ಚಲು ಹೋದರೆ ಹಾಳೆಯನ್ನೂ ಕಿತ್ತುಕೊಂಡು ಬರುತ್ತದೆ, ಎಂದಳು. ನೂರು ವರ್ಷದ ಮೇಲೆ ಬಿಚ್ಚುವವರನ್ನು ನೆನೆದು ಕಟ್ಟಬೇಕು. ಹುಳದ ಗತಿ? ಅದಕ್ಕೇ ತುತ್ತದ ಅಳತೆ. ಪುರಾವೆ? ಅವಳು ತಳ್ಳುಗಾಡಿಯತ್ತ ತಿರುಗಿದಳು.

“ಯಾವುದಾದ್ರೂ ಒಂದು ತೆಗೀರಿ. ಹಿಂದಿನ ರಟ್ಟಿನ ಸಂಖ್ಯೆ ಮಾತ್ರ ಹೇಳಿ. ಒಳಗೆ ಹೇಗಿದೆ ಅಂತ ನಾನು ಹೇಳ್ತೀನಿ.”

ಪ್ರೊಫೆಸರಮ್ಮ ಒಂದು ತೆಗೆದು ನಲವತ್ತೊಂದು ಎಂದರು. ತುತ್ತ ಕಡಿಮೆ, ಬೆನ್ನಿನ ಹತ್ತಿರ ಹುಳ ಕೊರೆದಿರುತ್ತದೆ ಎಂದಳು, ಕೊರೆದಿತ್ತು. ಐನೂರ ಎಂಬತ್ತು ಎಂದರು. ನಿನ್ನೆ ಕಟ್ಟಿದಂತಿರುತ್ತದೆ ಎಂದಳು, ಹಾಗೆಯೇ ಇತ್ತು. ಕಿರಿಯ ಪ್ರೊಫೆಸರು ತಾವೇ ಒಂದು ಎಳೆದು ಇನ್ನೂರ ಹನ್ನೆರಡು ಎಂದರು.

“ಅದಕ್ಕೆ ತುತ್ತ ಜಾಸ್ತಿಯಾಗಿತ್ತು. ಹುಳ ಇರಲ್ಲ. ಆದ್ರೆ ಕೊನೇ ಹಾಳೆ ಕಂದಾಗಿರುತ್ತೆ, ಮೂಲೆ ಮಡಚಿದ್ರೆ ಮುರಿಯುತ್ತೆ.”

ಅವರು ಮೂಲೆ ಮಡಚಿದರು. ಮುರಿದು ಕೈಗೆ ಬಂತು. ಆ ಚೂರನ್ನು ಹಿಡಿದುಕೊಂಡು ಪ್ರಬಂಧದ ಬೆನ್ನಿನ ಹೆಸರು ನೋಡಿದರು.

“ಇದು ನಂದು,” ಎಂದರು.

“ಕ್ಷಮಿಸಿ ಸರ್. ಆಗಿನ್ನೂ ಕಲೀತಿದ್ದೆ.”

ಮುಖ್ಯಸ್ಥರು ಕೆಮ್ಮಿನಂತೆ ಕಾಣುವ ಹಾಗೆ ನಕ್ಕರು. ಗೋಂದಕ್ಕ ಟವೆಲ್ ಸರಿಸಿದಳು. ರಟ್ಟು ಮಾಗಿದ ಹಣ್ಣಿನ ಸಿಪ್ಪೆಯಂತೆ ಎದ್ದುಬಂತು. ಪರ್ಸಿನಿಂದ ಬ್ಲೇಡು ತೆಗೆದು ದಾರವನ್ನು ಮೂರು ಕಡೆ ಕತ್ತರಿಸಿ ಎಳೆದಳು. ಅತ್ತೆಯ ದಾರ ಸಲೀಸಾಗಿ ಹೊರಬಂತು. ಅರುವತ್ತು ಹಾಳೆ, ಒಂದೂ ಹರಿಯಲಿಲ್ಲ. ಅಂಚು ಜೋಡಿಸಿ, ಎಡಮೂಲೆಗೆ ಗುಂಡುಪಿನ್ನು ಚುಚ್ಚಿ, ಕಿರಿಯ ಪ್ರೊಫೆಸರ ಮುಂದಿಟ್ಟಳು.

“ಒಂಬತ್ತನೇ ನಿಯಮ ಸರಿಯಾಯ್ತಾ ಸರ್?”

ಅವರು ನಿಯಮಾವಳಿಯನ್ನು ಮುಚ್ಚಿ ಪಕ್ಕಕ್ಕಿಟ್ಟರು. ಪ್ರೊಫೆಸರಮ್ಮ ಬರಿದಾದ ಕಪ್ಪು ರಟ್ಟನ್ನು ಎತ್ತಿ ಒಳಮೈಗೆ ಬೆರಳಾಡಿಸಿ, ತಾನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದನ್ನು ಈಗಷ್ಟೇ ಕಣ್ಣಾರೆ ಕಂಡೆ ಎಂದರು.

ನಾಲ್ಕು ದಿನದ ಮೇಲೆ ಗುಮಾಸ್ತರು ಅಂಗಡಿಗೆ ಬಂದರು. ಕೈಯಲ್ಲಿ ಆಯ್ಕೆಯ ಪಟ್ಟಿ. ಪಟ್ಟಿ ಎನ್ನುವುದು ಮರ್ಯಾದೆಗೆ. ಇದ್ದದ್ದು ಒಂದೇ ಹೆಸರು. ಕಚೇರಿಯ ಅಂಟು ನಿಲ್ಲುತ್ತಿಲ್ಲ, ಸ್ವಲ್ಪ ಕೊಡಿ ಗೋಂದಕ್ಕ, ಎಂದು ಹಾಳೆಯನ್ನು ಅವಳ ಎದುರು ಮೇಜಿನ ಮೇಲಿಟ್ಟರು. ಅವಳು ಓದಿದಳು. ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಓದಲು ಈ ಸಲ ಒಂದೇ ಸಾಲಿತ್ತು. ಗಂಡ ಹೆಗಲ ಮೇಲಿಂದ ಬಗ್ಗಿ ನೋಡಿ, ಮೆಷಿನ್ ನಿಲ್ಲಿಸಿ, ಪೂರ್ತಿ ಮೂರು ವಾಕ್ಯ ಮಾತಾಡಿದ. ಮೂರರಲ್ಲೂ ಅವಳ ಹೆಸರಿತ್ತು.

ಅವಳು ಕಪಾಟಿನ ಮೇಲಿಂದ ಫ್ಯಾಕ್ಟರಿ ಗೋಂದಿನ ಡಬ್ಬಿ ಇಳಿಸಿದಳು.

“ಇದು ಒಮ್ಮೆ ಹಿಡಿದ್ರೆ ಬಿಡಲ್ಲ ಅಂತಿದ್ರಲ್ಲ?” ಎಂದರು ಗುಮಾಸ್ತರು.

“ಅದಕ್ಕೇ ತೆಗೆದಿದ್ದು.”

ಅತ್ತೆ ಸೂಜಿ ಪೋಣಿಸುತ್ತಲೇ ಇದ್ದರು. ಅವರ ಚಿಂತೆ ಬೇರೆ. ಸೊಸೆ ಮೂರು ವರ್ಷ ಬರೆದರೆ ಕಟ್ಟು ಎಷ್ಟು ದಪ್ಪ ಬರಬಹುದು, ಈಗಿರುವ ದಾರ ತಡೆಯುತ್ತದೋ ಇಲ್ಲವೋ ಎಂದು ಕೇಳಿದರು. ಐನೂರು ಹಾಳೆಯಾದರೂ ಆಗುತ್ತದೆ ಎಂದಳು ಗೋಂದಕ್ಕ.

“ಹಾಗಾದ್ರೆ ಬೇಗ ಬೇಗ ಬರಿ. ನನ್ನ ಕೈ ನಡುಗೋಕೆ ಮುಂಚೆ ಹೊಲೀಬೇಕು,” ಎಂದು ಅತ್ತೆ, ದಾರದ ತುದಿಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದರು. “ಮತ್ತೆ ಅದನ್ನೂ ಯಾರದೋ ಮುಂದೆ ಬಿಚ್ಚಿ ಹಾಕ್ಬೇಡ.”