ತೊಳೆಯದ ರೂಪಾಯಿಯ ಕಳೆ

ಯಾವ ವಸ್ತುವನ್ನೂ ಕಂಡ ದಿನವೇ ಕೊಳ್ಳಬಾರದು ಎಂಬುದು ನನ್ನ ಕ್ರಮ. ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು ನಾನು. ಸೂಲೂರಿನ ಹತ್ತಿರದ ಮಿಲ್ಲಿನಲ್ಲಿ ಬಟ್ಟೆ ತಪಾಸಣೆಯ ಕೆಲಸ ಸಿಕ್ಕಿದ ಮೇಲೆ ಗಂಟೆಯ ಜಾಗಕ್ಕೆ ಸಂಗು ಬಂತು. ಮಿಲ್ಲಿನ ಸೈರನ್ನಿಗೆ ನಮ್ಮ ಕಡೆ ಸಂಗು ಎನ್ನುತ್ತಾರೆ. ಹಳೆಯ ನಾಣ್ಯಗಳ ಹುಚ್ಚು ಹಿಡಿದಾಗ ಅದಕ್ಕೂ ಒಂದು ಕ್ರಮ ಹಾಕಿಕೊಂಡೆ. ಮೊದಲು ಕೈ ಚಾಚಿದಷ್ಟು ದೂರದಲ್ಲಿ ಹಿಡಿದು ಬರಿಗಣ್ಣಿನಿಂದ ನೋಡುವುದು. ಆಮೇಲೆ ಒಂಟಿ ಬಲ್ಬಿನ ಕೆಳಗೆ ಓರೆ ಮಾಡಿ ನೋಡುವುದು. ಕೊನೆಗೆ ಮನೆಗೆ ಹೋಗಿ ಮಲಗಿ ಎದ್ದು, ಅದು ಇನ್ನೂ ಕಣ್ಣ ಮುಂದೆ ನಿಂತಿದ್ದರೆ ಮಾತ್ರ ಮತ್ತೆ ಹೋಗಿ ನೋಡುವುದು, ಕೊಳ್ಳುವುದು.

ಈ ಮೂರನೆಯ ನೋಟಕ್ಕೆ ಅಡ್ಡಿಯಾದದ್ದು ಎಂಬತ್ತರ ದಶಕದ ನಡುವಿನಲ್ಲಿ, ಮೆಟ್ಟುಪಾಳ್ಯದಲ್ಲಿ.

ಗುರುವಾರ ನನಗೆ ವಾರದ ರಜೆ. ಹೆಂಡತಿಯ ತಂಗಿಯ ಮನೆಗೆ ಹೋಗಿದ್ದವರು ಸಂಜೆ ಬಸ್ಸಿಗೆ ಹೊರಟಿದ್ದೆವು. ದಾರಿಯಲ್ಲಿ ಹಳೆ ಸಾಮಾನಿನ ಒಂದು ಅಂಗಡಿ. ಬೆಟ್ಟದ ಮೇಲಿನ ಬಂಗಲೆಗಳನ್ನು ಖಾಲಿ ಮಾಡಿದವರು ಬಿಟ್ಟುಹೋದ ಪಿಂಗಾಣಿ ಜಗ್ಗು, ಗೋಡೆ ಗಡಿಯಾರ, ಕನ್ನಡಿಗಳು ಅಲ್ಲಿ ತುಂಬಿದ್ದವು. ಹೆಂಡತಿಯ ಕೈಯಲ್ಲಿ ಆಲೂಗಡ್ಡೆ ಚೀಲವಿತ್ತು. ಅದನ್ನು ಹೊಸಿಲ ಪಕ್ಕ ಇಳಿಸಿ, "ಬಸ್ಸು ತಪ್ಪಿದ್ರೆ ನೀವೇ ಹೊರ್ಬೇಕು" ಎಂದಳು.

"ವಾಂಗಣ್ಣಾ, ವಾಂಗಕ್ಕಾ" ಎಂದು ಅಂಗಡಿಯವನು ತಮಿಳಿನಲ್ಲಿ ಕರೆದು ಸ್ಟೂಲು ಹಾಕಿದ. ನಾಣ್ಯ ಇದೆಯೇ ಎಂದು ಕೇಳಿದ್ದಕ್ಕೆ ಮಖಮಲ್ಲು ಹಾಸಿದ ಒಂದು ಪುಟ್ಟ ಪೆಟ್ಟಿಗೆ ತೆರೆದ. ಒಳಗೆ ರಾಣಿಯ ತಲೆಯ ಎರಡು ಬೆಳ್ಳಿ ರೂಪಾಯಿಗಳು. ಒಂದು ಹೊಸ ಲೋಟದಂತೆ ಹೊಳೆಯುತ್ತಿತ್ತು. ಇನ್ನೊಂದು ಕಪ್ಪಾಗಿತ್ತು. ಎರಡರ ಅಂಚೂ ಅಷ್ಟು ಚೂಪಾಗಿದ್ದುದನ್ನು ಕಂಡೇ ನಾನು ಸ್ಟೂಲನ್ನು ಹತ್ತಿರ ಎಳೆದುಕೊಂಡೆ. ಅವು ಪ್ರೂಫ್ ನಾಣ್ಯಗಳು. ಅಂದರೆ ಸಂತೆಯಲ್ಲಿ ಓಡಾಡಲು ಹೊಡೆದವಲ್ಲ. ಅಚ್ಚನ್ನು ಕನ್ನಡಿಯಂತೆ ಉಜ್ಜಿ, ನೋಡುವುದಕ್ಕೆಂದೇ ಎಚ್ಚರದಿಂದ ಹೊಡೆದವು. ಚಿತ್ರದ ಸುತ್ತಲಿನ ಬಯಲು ಕನ್ನಡಿಯ ಹಾಗೆ ಇರಬೇಕು, ಮುಖ ಮಂಜು ಕೂತ ಹಾಗೆ ಕಾಣಬೇಕು. ಅಂಥದ್ದೊಂದು ನನ್ನ ಕೈಗೆ ಅದುವರೆಗೆ ಬಂದಿರಲಿಲ್ಲ.

ಹೆಂಡತಿ ಬಗ್ಗಿ ಮನೆಯ ಕನ್ನಡದಲ್ಲಿ ಪಿಸುಗುಟ್ಟಿದಳು. ಸುತ್ತಲೆಲ್ಲ ತಮಿಳೇ ಆದ್ದರಿಂದ ವ್ಯಾಪಾರದ ಗುಟ್ಟನ್ನೆಲ್ಲ ನಾವು ಹಾಗೆಯೇ ಮಾತಾಡಿಕೊಳ್ಳುವುದು.

"ಏನುಂಗ, ಆ ಕರ್ರನೇದು ಬ್ಯಾಡ. ಒಲೆ ಊದಿ ಎದ್ದು ಬಂದಂಗೈತೆ. ಬೆಳ್ಳಗಿರದು ತಗಳಿ. ಆಸೆ ಮಾತ್ರ ತೋರಿಸ್ಬ್ಯಾಡಿ, ಬೆಲೆ ಏರಿಸ್ತಾನೆ."

"ಏರ್ಸಲ್ಲ ಬಿಡು ಅಮ್ಮಣಿ" ಎಂದು ಪರದೆಯ ಹಿಂದಿನಿಂದ ಕನ್ನಡದಲ್ಲೇ ಒಂದು ಮುದಿ ದನಿ ಬಂತು. "ನಮ್ಮೋರು ಅಂತ ಗೊತ್ತಾದ್ಮೇಲೆ ಎಲ್ಲಿ ಏರ್ಸದು."

ಹೆಂಡತಿ ನಾಲಿಗೆ ಕಚ್ಚಿಕೊಂಡಳು. ಅಂಗಡಿಯವನು ನಕ್ಕ. "ಅಕ್ಕಾ, ಈ ಬೀದೀಲಿ ಗುಟ್ಟು ಹೇಳದಾದ್ರೆ ಇಂಗ್ಲೀಷಲ್ಲಿ ಹೇಳಿ. ಒಳಗಿರೋದು ನಮ್ಮವ್ವ."

ನಾನು ಎರಡನ್ನೂ ಅಂಚು ಹಿಡಿದು, ಕೈ ಚಾಚಿ ನೋಡಿದೆ. ಬೆಳ್ಳಗಿನದು ಕಣ್ಣಿಗೆ ಹೊಡೆಯಿತು. ಹೊಡೆದು ಅಷ್ಟಕ್ಕೇ ಮುಗಿಯಿತು. ಕಪ್ಪಗಿನದರ ಅಂಚಿನಲ್ಲಿ ನೀಲಿ, ಅದರೊಳಗೆ ತಾಮ್ರದ ಕೆಂಪು, ನಡುವೆ ಕಾಫಿ ಡಿಕಾಕ್ಷನ್ನಿನ ಬಣ್ಣ. ಅದರಿಂದ ಕಣ್ಣು ತೆಗೆದರೂ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಯಾಕೆ ಎಂದು ತಿಳಿಯದೆ ನನಗೆ ಕುತೂಹಲ ಹೆಚ್ಚಾಯಿತು.

ಟ್ಯೂಬ್‌ಲೈಟು ಈ ಕೆಲಸಕ್ಕೆ ಆಗದು. ಅದರ ಬೆಳಕು ಹರಡಿಕೊಂಡು ಬಿದ್ದು ಗೀರುಗಳನ್ನು ಮುಚ್ಚಿಬಿಡುತ್ತದೆ. ಬಲ್ಬು ಇದೆಯೇ ಎಂದೆ. ಮುದುಕಿ ಪರದೆ ಸರಿಸಿ, "ಬಾ ತಂಬಿ, ದೇವ್ರ ಮುಂದೆ ಐತೆ" ಎಂದು ಒಳಗೆ ಕರೆದರು. ಹೆಂಡತಿಯೂ ಅಂಗಡಿಯವನೂ ಹಿಂದೆಯೇ ಬಂದರು.

ಬಲ್ಬಿನ ಕೆಳಗೆ ಬೆಳ್ಳಗಿನ ರೂಪಾಯಿಯನ್ನು ನಿಧಾನವಾಗಿ ವಾಲಿಸಿದೆ. ರಾಣಿಯ ಮುಖದ ಸುತ್ತ ಜೇಡರ ಬಲೆಯಂಥ ಸಣ್ಣ ಗೆರೆಗಳು ಎದ್ದವು, ನಾರಿನಿಂದ ತಿಕ್ಕಿ ತಿಕ್ಕಿ ಹಳತಾದ ಸ್ಟೀಲ್ ತಟ್ಟೆಯಲ್ಲಿ ಇರುತ್ತವಲ್ಲ, ಹಾಗೆ.

"ಇದನ್ನ ತೊಳ್ದಿದ್ದೀರಾ?"

"ನಾನೇ ತೊಳ್ದೆ" ಎಂದರು ಮುದುಕಿ ಸಂತೋಷದಿಂದ. "ಹೋದ ವೆಳ್ಳಿಕೆಳಮೆ. ಹುಣಸೆಹಣ್ಣಾಕಿ, ವಿಭೂತಿ ಹಾಕಿ ತಿಕ್ಕಿದೆ. ಇದೂ ಅದರಂಗೇ ಕರ್ರಗಿತ್ತು. ಈಗ ನೋಡು, ಎಷ್ಟು ಕಳೆಯಾಗೈತೆ." ವೆಳ್ಳಿಕೆಳಮೆ ಎಂದರೆ ಶುಕ್ರವಾರ; ತಮಿಳಿನಲ್ಲಿ ವೆಳ್ಳಿ ಎಂದರೆ ಬೆಳ್ಳಿಯೂ ಹೌದು.

"ಇನ್ನೊಂದನ್ನ?"

"ಅಷ್ಟರಲ್ಲಿ ಹುಣಸೆಹಣ್ಣು ಮುಗೀತು."

ಕಳೆ. ನಾಣ್ಯ ಬಲ್ಲವರು ಇದಕ್ಕೆ ಏನೇನೋ ದೊಡ್ಡ ಮಾತು ಬಳಸುತ್ತಾರೆ. ನಮ್ಮ ಮನೆಗಳಲ್ಲಿ ಹೆಣ್ಣು ನೋಡಿ ಬಂದವರನ್ನು ಕೇಳುವುದು ಇದೊಂದೇ ಪ್ರಶ್ನೆ: ಮುಖದಲ್ಲಿ ಕಳೆ ಇದೆಯಾ? ಬಣ್ಣ ಬೇರೆ, ಕಳೆ ಬೇರೆ ಎಂದು ಎಲ್ಲರಿಗೂ ಗೊತ್ತು. ಬೆಳ್ಳಿಯ ವಿಷಯ ಬಂದಾಗ ಮಾತ್ರ ಅದು ಮರೆತುಹೋಗುತ್ತದೆ.

ಆದರೆ ನನಗೂ ಖಚಿತವಿರಲಿಲ್ಲ. ಕಪ್ಪಿನ ಕೆಳಗೆ ಇಂಥದ್ದೇ ಗೆರೆಗಳು ಅಡಗಿರಬಹುದು. ಮೂರನೆಯ ನೋಟಕ್ಕೆ ಬಿಡೋಣವೆಂದು, "ಮುಂದಿನ ಗುರುವಾರ ಬರ್ತೀನಿ, ಅಲ್ಲಿವರೆಗೂ ಇದನ್ನ ಹಿಂಗೇ ಇಟ್ಟಿರಿ" ಎಂದೆ.

"ಅಂಗೇ ಯಾಕೆ ತಂಬಿ, ನಾಳೆ ವೆಳ್ಳಿಕೆಳಮೆ. ತೊಳ್ದೇ ಇಟ್ಟಿರ್ತೀನಿ."

"ತೊಳೀಬ್ಯಾಡಿ, ಅದಕ್ಕೇ ಹೇಳ್ತಿರೋದು."

"ವೆಳ್ಳಿಕೆಳಮೆ ದಿವ್ಸ ಬೆಳ್ಳೀನ ಕರ್ರಗೆ ಇಡ್ಬೋದಾ? ಲಕ್ಷ್ಮಿ ಮೂತಿಗೆ ಮಸಿ ಬಳ್ದಂಗಾಗಲ್ವಾ?"

ನಾನು ಮುದುಕಿಯ ಮಗನ ಕಡೆ ನೋಡಿದೆ. ಅವನು ಕೈಯಾಡಿಸಿದ. "ನಾನು ಸರಿ ಅನ್ಬೋದಣ್ಣಾ, ಅವ್ವ ಬಿಡಲ್ಲ. ನನ್ನ ವಾಚನ್ನೇ ಒಂದ್ಸಲ ತೊಳ್ದು ಬೊಟ್ಟಿಟ್ಟವ್ಳೆ."

"ಅದು ಆಮೇಲೆ ಓಡ್ತಾ?" ಎಂದಳು ನನ್ನ ಹೆಂಡತಿ.

"ಇಲ್ಲಕ್ಕಾ. ಪಳಪಳ ಅಂತ ನಿಂತೈತೆ."

ಮುಂದಿನ ಗುರುವಾರ ನಾನು ನೋಡುವುದು ಬೇರೆಯೇ ನಾಣ್ಯವಾಗಿರುತ್ತದೆ ಎಂಬುದು ಸ್ಪಷ್ಟವಾಯಿತು. ತೀರ್ಮಾನ ಆ ಬಲ್ಬಿನ ಕೆಳಗೇ ಆಗಬೇಕು. ಕಪ್ಪಗಿನದನ್ನು ಓರೆ ಹಿಡಿದೆ. ಬಣ್ಣಗಳು ಒಂದರ ಹಿಂದೆ ಒಂದು ಸರಿದವು. ನೀಲಿ ಅಂಚು ಹಸಿರಿಗೆ ತಿರುಗಿ ಮತ್ತೆ ನೀಲಿಯಾಯಿತು. ರಾಣಿಯ ಕುತ್ತಿಗೆಯ ಹತ್ತಿರ ಒಂದು ಸಣ್ಣ ಗೀರು ಕಂಡಿತು. ಮುಖದ ಮೇಲೆ ಏನೂ ಇರಲಿಲ್ಲ. ಬಯಲಿನ ಕನ್ನಡಿ ಇನ್ನೂ ಉಳಿದಿದೆಯೇ? ಅದೊಂದು ತಿಳಿಯಬೇಕಿತ್ತು. ನನ್ನ ಮುಖ ಹತ್ತಿರ ಒಯ್ದರೆ ನೆರಳು ಬೀಳುತ್ತಿತ್ತು. ಹೆಂಡತಿಯನ್ನು ಆಚೆ ಬದಿಯಿಂದ ಬಗ್ಗು ಎಂದೆ.

"ಉಸಿರು ಬಿಡ್ಬ್ಯಾಡ. ಏನು ಕಾಣುತ್ತೆ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡಿದಳು. "ನನ್ನ ಬೊಟ್ಟು."

"ಸರಿಯಾಗಿ?"

"ಗುಂಡಗೈತೆ. ಹುಬ್ಬೂ ಕಾಣ್ತೈತೆ."

"ಈಗ ಬೆಳ್ಳಗಿರೋದ್ರಲ್ಲಿ ನೋಡು."

"ಇದ್ರಲ್ಲಿ ಅಳಿಸ್ದಂಗೈತೆ" ಎಂದು ತಲೆ ಎತ್ತಿದಳು. "ಆದ್ರೂ ಅದು ಕರ್ರಗೈತೆ" ಎಂದಳು. ಅವಳ ಅಭಿಪ್ರಾಯ ಅಷ್ಟು ಬೇಗ ಬದಲಾಗುವುದಲ್ಲ.

ನನಗೆ ಅಷ್ಟು ಸಾಕಾಗಿತ್ತು. ಎಷ್ಟೋ ವರ್ಷ ಯಾರದೋ ಬಂಗಲೆಯ ಪೆಟ್ಟಿಗೆಯಲ್ಲಿ ಕೂತು ಮಖಮಲ್ಲಿನ ಬಣ್ಣ ಹಿಡಿದಿದ್ದರೂ ಒಳಗಿನ ಕನ್ನಡಿ ಮಾಸಿರಲಿಲ್ಲ. ಕಪ್ಪಗಿನದನ್ನು ಈಗಲೇ ಒಯ್ಯುತ್ತೇನೆ ಎಂದೆ. ಮಗನಿಗೆ ಆಶ್ಚರ್ಯ. ಪ್ರೂಫ್ ಅಂದರೆ ಏನೆಂದು ಹೇಳಿದೆ. "ಪ್ರೂಫಾ? ರೇಷನ್ ಕಾರ್ಡಿಗೆ ಕೇಳ್ತಾರಲ್ಲ, ಅದಾ?" ಎಂದ. ಅಷ್ಟು ವಿವರಿಸಿದರೂ ಬೆಳ್ಳಗಿನದರ ಬೆಲೆಯೇ ಹೆಚ್ಚು ಎಂದು ಅವನು ಕಪ್ಪಗಿನದಕ್ಕೆ ಕಡಿಮೆ ದುಡ್ಡನ್ನೇ ಎಣಿಸಿಕೊಂಡ.

ಮುದುಕಿಗೆ ಮಾತ್ರ ಸಮಾಧಾನವಿಲ್ಲ. ನಮ್ಮ ಮನೆಯಿಂದ ಲಕ್ಷ್ಮಿ ಹೀಗೆ ಮುಖ ತೊಳೆಯದೆ ಹೋಗಬಾರದು ಎಂದರು. ತೊಳೆಯಲು ನಾನು ಬಿಡಲಿಲ್ಲ. "ಒಂದು ಬೊಟ್ಟಾದ್ರೂ ಇಟ್ಟು ಕಳಿಸ್ತೀನಿ" ಎಂದು ಕುಂಕುಮದ ಬಟ್ಟಲಿಗೆ ಬೆರಳು ಅದ್ದಿ ನನ್ನ ಕೈಯ ಕಡೆ ಬಂದೇಬಿಟ್ಟರು. ಹಿರಿಯರ ಕೈ ತಳ್ಳುವುದು ಹೇಗೆ? ಒದ್ದೆ ಕುಂಕುಮ ಆ ಕನ್ನಡಿಯ ಮೇಲೆ ಕೂತರೆ ಒರೆಸುವುದು ಹೇಗೆ?

ಹೆಂಡತಿ ತನ್ನ ಕೈಚೀಲದಿಂದ ಒಂದು ಖಾಲಿ ಮೊಯ್ ಕವರ್ ತೆಗೆದಳು. ಮದುವೆ ಮನೆಯಲ್ಲಿ ಉಡುಗೊರೆ ಇಟ್ಟು ಕೊಡುತ್ತೇವಲ್ಲ, ಆ ಕವರ್. ನಾಣ್ಯವನ್ನು ಅದರೊಳಗೆ ಹಾಕಿಸಿ ಮುದುಕಿಯ ಮುಂದೆ ಹಿಡಿದಳು.

"ಅತ್ತೆ, ಇದ್ರ ಮೇಲೆ ಇಡಿ. ಲಕ್ಷ್ಮಿ ಮನೆಯೊಳಗವ್ಳೆ. ಹೊಸಿಲಿಗೆ ತಾನೇ ಬೊಟ್ಟು ಇಡದು?"

ಮುದುಕಿ ಕವರನ್ನೂ ಅವಳನ್ನೂ ನೋಡಿದರು. "ಮಾತು ಕಲ್ತವ್ಳೆ" ಎಂದು ಕವರಿನ ನಡುವೆ ಬೊಟ್ಟಿಟ್ಟರು. "ಮನೇಗೋದ್ಮೇಲೆ ತೊಳ್ಕ ಅಮ್ಮಣಿ."

ಹೆಂಡತಿ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ನನಗೆ ತಿಳಿಯಲಿಲ್ಲ. ಬಸ್ಸು ಹೋಗಿಬಿಟ್ಟಿತ್ತು. ಆಲೂಗಡ್ಡೆ ನಾನೇ ಹೊತ್ತೆ.

ಮರುದಿನ ಸಂಗು ಕೂಗುವ ಮೊದಲು, ಕ್ರಮದಂತೆ, ಹಿತ್ತಲ ಬಾಗಿಲ ಬೆಳಕಿನಲ್ಲಿ ಮೂರನೆಯ ನೋಟ ನೋಡಿದೆ. ಅಲ್ಲೇ ಕಲ್ಲಿನ ಹತ್ತಿರ ಹೆಂಡತಿ ಶುಕ್ರವಾರದ ದೀಪಗಳನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದಳು. ಎದ್ದು ಬಂದಳು. ಒದ್ದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಬಗ್ಗಿದಳು. ಅವಳ ತವರು ನೆಗಮದ ನೇಯ್ಗೆ ಮನೆ.

"ಈ ಅಂಚು ಮಯಿಲ್ ಕಳುತ್ತು" ಎಂದಳು. ಹಾಸಿಗೊಂದು, ಹೊಕ್ಕಿಗೊಂದು ಬಣ್ಣ ಕೊಟ್ಟು ನೇಯುವ ನವಿಲು ಕುತ್ತಿಗೆಯ ಬಣ್ಣ ಅದು.

"ಕಳೆ ಐತಾ?"

ಮತ್ತೊಮ್ಮೆ ನೋಡಿದಳು. "ಅಂಚಿಗೈತೆ" ಎಂದು ದೀಪ ತಿಕ್ಕಲು ಹೋದಳು.